ಸ್ಕಾಟ್ಲೆಂಡಿನ ಆ ಕಾನೂನು ಈಗಿಲ್ಲ, ಯಾಕಿಲ್ಲ ಅಂದರೆ...

ಮಾನ್ಯ ಸಂಪಾದಕರೇ,

2025ರ ಡಿಸೆಂಬರ್‌ನಲ್ಲಿ ನಮ್ಮ ವಿಧಾನಮಂಡಲ ದ್ವೇಷ ಭಾಷಣ ತಡೆ ಮಸೂದೆಗೆ ಒಪ್ಪಿಗೆ ಕೊಟ್ಟಾಗಿನಿಂದ ನಿಮ್ಮ ಓದುಗರ ಅಂಕಣವನ್ನು ಇಲ್ಲಿ ಕೂತು ಮೊಬೈಲಿನಲ್ಲಿ ಬಿಡದೆ ಓದುತ್ತಿದ್ದೇನೆ. ಆ ಪರ-ವಿರೋಧದ ನಡುವೆ ಒಬ್ಬರು, ಸ್ಕಾಟ್ಲೆಂಡಿನಲ್ಲಿ ಫುಟ್‌ಬಾಲ್ ನೋಡಲು ಹೋಗಿ ಬಾಯಿಗೆ ಬಂದಂತೆ ಕೂಗುವವರನ್ನೂ ಜೈಲಿಗೆ ಹಾಕುವ ಕಾನೂನಿದೆ, ನಮ್ಮಲ್ಲೇಕೆ ಆಗಬಾರದು ಎಂದು ಕೇಳಿದ್ದರು. ಆ ಕಾನೂನು ಇತ್ತು. ಈಗಿಲ್ಲ. 2012ರ ಮಾರ್ಚ್ 1ರಂದು ಜಾರಿಗೆ ಬಂತು, 2018ರ ಏಪ್ರಿಲ್‌ನಲ್ಲಿ ರದ್ದಾಯಿತು. ಅದು ಬಂದದ್ದನ್ನೂ ಹೋದದ್ದನ್ನೂ ಗ್ಲಾಸ್ಗೋದಲ್ಲೇ ಇದ್ದು ನೋಡಿದವನು ನಾನು. ಪತ್ರ ತುಸು ಉದ್ದವಾದೀತು, ದಯವಿಟ್ಟು ಕತ್ತರಿ ಆಡಿಸಬೇಡಿ.

ನಾನು ತೀರ್ಥಹಳ್ಳಿ ಕಡೆಯವನು. ಗ್ಲಾಸ್ಗೋದ ಪೂರ್ವಕ್ಕಿರುವ ಡೆನಿಸ್ಟೌನ್ ಬಡಾವಣೆಯಲ್ಲಿ, ಡ್ಯೂಕ್ ಸ್ಟ್ರೀಟಿನಲ್ಲಿ, ಹಾಲು, ಬ್ರೆಡ್ಡು, ಸಿಗರೇಟು, ಬಿಯರು ಮಾರುವ ಅಂಗಡಿ ನನ್ನದು. ಸೆಲ್ಟಿಕ್ ತಂಡದ ಮೈದಾನಕ್ಕೆ ಇಲ್ಲಿಂದ ನಡೆದೇ ಹೋಗಬಹುದು. ಗ್ಯಾಲೋಗೇಟ್ ರಸ್ತೆಯ ಪಬ್ಬುಗಳು ಸೆಲ್ಟಿಕ್‌ನವರವು. ಅಲ್ಲಿಂದ ಹೆಚ್ಚು ದೂರವಿಲ್ಲದ ಬ್ರಿಜ್‌ಟನ್ ಕ್ರಾಸ್ ರೇಂಜರ್ಸ್‌ನವರ ಕೋಟೆ. ಇವೆರಡರ ನಡುವಿನ ಪಂದ್ಯವನ್ನು ಇಲ್ಲಿ ಓಲ್ಡ್ ಫರ್ಮ್ ಅನ್ನುತ್ತಾರೆ. ಬೆಳಿಗ್ಗೆ 10ಕ್ಕೆ ಮುಂಚೆ ಅಂಗಡಿಗಳಲ್ಲಿ ಮದ್ಯ ಮಾರುವಂತಿಲ್ಲ. ಆಟ ಮಧ್ಯಾಹ್ನ 12ಕ್ಕೆ ಇರುವ ದಿನ, ಹತ್ತು ಹೊಡೆಯುವ ಮೊದಲೇ ಕೌಂಟರಿನ ಮುಂದೆ ಹಸಿರು-ಬಿಳಿ ಶಾಲಿನವರ ಸಾಲು ನಿಂತಿರುತ್ತದೆ. ಅಪ್ಪ, ಮಗ, ಕೆಲವೊಮ್ಮೆ ತಾತ. ಕೈಯಲ್ಲಿ ಬಿಯರ್ ಡಬ್ಬಿ ಹಿಡಿದುಕೊಂಡು ಗಡಿಯಾರ ನೋಡುತ್ತಾ, ಮೆಲ್ಲಗೆ ಹಾಡು ಶುರುಮಾಡಿರುತ್ತಾರೆ. ಹತ್ತು ಗಂಟೆಗೆ ನಾನು ಬಿಲ್ಲು ಹಾಕುವ ಹೊತ್ತಿಗೆ ಹಾಡು ಗಂಟಲು ಬಿಟ್ಟಿರುತ್ತದೆ.

ಆ ಹಾಡುಗಳನ್ನು ನಮ್ಮೂರಿನವರಿಗೆ ವಿವರಿಸುವುದು ಕಷ್ಟ. 1840ರ ದಶಕದ ಆಲೂಗಡ್ಡೆ ಕ್ಷಾಮದಲ್ಲಿ ಐರ್ಲೆಂಡಿನಿಂದ ಹೊಟ್ಟೆಗಿಲ್ಲದೆ ಬಂದ ಕ್ಯಾಥೊಲಿಕರು ಈ ಪೂರ್ವ ಗ್ಲಾಸ್ಗೋದಲ್ಲಿ ಬಿಡಾರ ಹೂಡಿದರು. ಅವರ ಬಡ ಮಕ್ಕಳಿಗೆ ಊಟ ಹಾಕಲು ದುಡ್ಡು ಕೂಡಿಸಬೇಕೆಂದು ಬ್ರದರ್ ವಾಲ್‌ಫ್ರಿಡ್ ಎಂಬ ಧರ್ಮಸೋದರ 1887ರಲ್ಲಿ ಕಟ್ಟಿದ ತಂಡ ಸೆಲ್ಟಿಕ್. ರೇಂಜರ್ಸ್ ಅದಕ್ಕೂ ಹಳೆಯದು, 1872ರದ್ದು. ಪ್ರಾಟೆಸ್ಟೆಂಟರ ತಂಡವಾಗಿ ಬೆಳೆಯಿತು. ಎಷ್ಟರಮಟ್ಟಿಗೆ ಅಂದರೆ, 1989ರಲ್ಲಿ ಮೊ ಜಾನ್‌ಸ್ಟನ್ ಎಂಬ ಕ್ಯಾಥೊಲಿಕ್ ಆಟಗಾರನನ್ನು ರೇಂಜರ್ಸ್ ಸೇರಿಸಿಕೊಂಡಾಗ ಅದರ ಅಭಿಮಾನಿಗಳೇ ಶಾಲು ಸುಟ್ಟಿದ್ದರು. ಫೀನಿಯನ್ನರ (ಐರಿಷ್ ಕ್ಯಾಥೊಲಿಕರನ್ನು ಹೀಯಾಳಿಸುವ ಹೆಸರು) ರಕ್ತದಲ್ಲಿ ಮೊಣಕಾಲುದ್ದ ನಿಂತಿದ್ದೇವೆ ಎಂದು ಜಂಬ ಕೊಚ್ಚುವ ರೇಂಜರ್ಸ್‌ನವರ ಹಾಡೊಂದಿದೆ. ಅದು ಎರಡು ಮಹಾಯುದ್ಧಗಳ ನಡುವಿನ ಕಾಲದಲ್ಲಿ ಇದೇ ಬ್ರಿಜ್‌ಟನ್ನಿನಲ್ಲಿ ಕ್ಷೌರದ ಕತ್ತಿ ಹಿಡಿದು ಓಡಾಡುತ್ತಿದ್ದ ಪುಂಡರ ಗುಂಪಿನದು. ಸೆಲ್ಟಿಕ್‌ನವರೇನೂ ಕಮ್ಮಿಯಿಲ್ಲ, ಬ್ರಿಟನ್ ವಿರುದ್ಧ ಶಸ್ತ್ರ ಹಿಡಿದ ಐರಿಷ್ ಸಂಘಟನೆ ಐಆರ್‌ಎಯ ಬಂದೂಕುಧಾರಿಗಳನ್ನು ಹುತಾತ್ಮರೆಂದು ಹಾಡುತ್ತಾರೆ. ಈ ಯಾವ ಹಾಡೂ ನನಗೆ ಇಷ್ಟವಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನನ್ನನ್ನು ಯಾವುದೋ ಒಂದು ಶಾಲಿನ ಕೆಳಗೆ ನಿಲ್ಲಿಸಬಾರದು ನೋಡಿ.

ಕಾನೂನು ಹುಟ್ಟಿದ್ದು 2011ರ ಗಲಾಟೆಯಲ್ಲಿ. ಆ ಮಾರ್ಚ್ 2ರಂದು ಸೆಲ್ಟಿಕ್ ಪಾರ್ಕಿನಲ್ಲಿ ಸ್ಕಾಟಿಷ್ ಕಪ್ ಪಂದ್ಯ. ರೇಂಜರ್ಸ್‌ನ ಮೂವರಿಗೆ ಕೆಂಪು ಕಾರ್ಡು, ಮೈದಾನದೊಳಗೇ 34 ಜನರ ಬಂಧನ. ಆಟ ಮುಗಿದ ಮೇಲೆ ಸೆಲ್ಟಿಕ್‌ನ ಮ್ಯಾನೇಜರ್ ನೀಲ್ ಲೆನನ್ ಮತ್ತು ರೇಂಜರ್ಸ್‌ನ ಆ್ಯಲಿ ಮೆಕೊಯಿಸ್ಟ್ ಗೆರೆಯ ಪಕ್ಕದಲ್ಲಿ ಮೂಗಿಗೆ ಮೂಗು ತಾಗುವಂತೆ ನಿಂತದ್ದು ಟಿವಿಯಲ್ಲಿ ಮತ್ತೆ ಮತ್ತೆ ಬಂತು. ಅದೇ ವಸಂತದಲ್ಲಿ ಲೆನನ್‌ಗೆ, ಒಬ್ಬ ವಕೀಲರಿಗೆ, ಒಬ್ಬ ಶಾಸಕಿಗೆ ಅಂಚೆಯಲ್ಲಿ ಬಾಂಬಿನಂಥ ಪಾರ್ಸೆಲ್ಲುಗಳು ಹೋದವು. ಮೇ ತಿಂಗಳಲ್ಲಿ ಎಡಿನ್‌ಬರೋದ ಟೈನ್‌ಕಾಸಲ್ ಮೈದಾನದಲ್ಲಿ ಒಬ್ಬ ಪ್ರೇಕ್ಷಕ ಬೇಲಿ ಹಾರಿ ಬಂದು ಲೆನನ್ ಮೇಲೆ ನುಗ್ಗಿದ. ಆಗ ಸ್ಕಾಟ್ಲೆಂಡಿನ ಆಡಳಿತದ ಮುಖ್ಯಸ್ಥರಾಗಿದ್ದ ಅಲೆಕ್ಸ್ ಸಾಲ್ಮಂಡ್ ಅವರ ಸರ್ಕಾರ ಏನಾದರೂ ಮಾಡಲೇಬೇಕಿತ್ತು. ಮಾಡಿತು. 2011ರ ಡಿಸೆಂಬರ್‌ನಲ್ಲಿ, ಬೇರೆ ಯಾವ ಪಕ್ಷದ ಬೆಂಬಲವೂ ಇಲ್ಲದೆ, 64-57 ಮತಗಳಿಂದ ಕಾನೂನು ಪಾಸಾಯಿತು.

ಪಾರ್ಸೆಲ್ ಕಳಿಸಿದ ಇಬ್ಬರು ಸಿಕ್ಕಿಬಿದ್ದರು. ತಲಾ ಐದು ವರ್ಷ ಜೈಲಾಯಿತು. ಅದು ಹೊಸ ಕಾನೂನಿನಡಿ ಅಲ್ಲ, ಹಳೆಯದರ ಕೆಳಗೇ. ಟೈನ್‌ಕಾಸಲ್ ಪ್ರಕರಣವಂತೂ ಕಣ್ಣು ತೆರೆಸುವಂಥದ್ದು. ಲೆನನ್ ಮೇಲಿನ ದಾಳಿಯನ್ನು ದೇಶಕ್ಕೆ ದೇಶವೇ ಟಿವಿಯಲ್ಲಿ ನೋಡಿತ್ತು. ಆದರೂ ಧರ್ಮದ್ವೇಷದ ಹಲ್ಲೆ ಎಂಬ ಆರೋಪ ‘ಸಾಬೀತಾಗಿಲ್ಲ’ ಎಂದು ಜ್ಯೂರಿ ಹೇಳಿತು, ಶಾಂತಿಭಂಗಕ್ಕೆ ಮಾತ್ರ ಶಿಕ್ಷೆಯಾಯಿತು. ಧರ್ಮದ್ವೇಷಕ್ಕೆ ಹೆಚ್ಚುವರಿ ಶಿಕ್ಷೆ ಕೊಡುವ ಕಲಮು 2003ರಿಂದಲೇ ಇತ್ತಲ್ಲ! ಕೊರತೆಯಿದ್ದದ್ದು ಕಲಮಿನದ್ದಲ್ಲ, ಅದನ್ನು ಒಪ್ಪುವ ಮನಸ್ಸಿನದ್ದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ, ಸರ್ಕಾರ ಹಾಡುವವರ ಹಿಂದೆ ಬಿತ್ತು.

ಇನ್ನೂ ಒಂದು. ಕ್ಷಾಮ ಮುಗಿಯಿತಲ್ಲ, ಇನ್ನು ನಿಮ್ಮ ದೇಶಕ್ಕೆ ನಡೆಯಿರಿ ಎಂದು ಐರಿಷ್ ಮೂಲದವರನ್ನು ಚುಚ್ಚುವ ಹಾಡನ್ನು 2008ರಲ್ಲಿ ಕಿಲ್ಮಾರ್ನಕ್ ಮೈದಾನದಲ್ಲಿ ಒಬ್ಬ ರೇಂಜರ್ಸ್ ಅಭಿಮಾನಿ ಹಾಡಿದ. ಜನಾಂಗೀಯ ದ್ವೇಷದಿಂದ ಕೂಡಿದ ಶಾಂತಿಭಂಗ ಎಂದು ಶಿಕ್ಷೆಯಾಯಿತು. 2009ರಲ್ಲಿ ಹೈಕೋರ್ಟೂ ಅದನ್ನು ಎತ್ತಿಹಿಡಿಯಿತು. ಅಂದರೆ ಹೊಸ ಕಾನೂನಿನ ಮಾತೂ ಇಲ್ಲದಾಗಲೇ, ಮೈದಾನದಲ್ಲಿ ಹಾಡಿದ ಹಾಡಿಗೇ ಶಿಕ್ಷೆ ಆಗಿತ್ತು.

ಹಾಗಾದರೆ ಹೊಸದರಲ್ಲಿ ಹೊಸದೇನು? ‘ಸಾಮಾನ್ಯ ವಿವೇಕದ ವ್ಯಕ್ತಿಗೆ ಆಕ್ಷೇಪಾರ್ಹ ಅನ್ನಿಸಬಹುದಾದ’ ನಡತೆಯೂ ಅಪರಾಧದ ಪಟ್ಟಿಗೆ ಸೇರಿತು, ಅದರಿಂದ ಗಲಭೆ ಏಳುವ ಸಂಭವ ಇದ್ದರೆ. ಸಂಭವ ಅಂದೆ ನೋಡಿ, ಅದರ ಕಥೆ ಇನ್ನೂ ಸ್ವಾರಸ್ಯ: ಕೆರಳುವ ಜನ ಅಲ್ಲಿ ಇಲ್ಲದಿದ್ದರೂ, ಇದ್ದಿದ್ದರೆ ಕೆರಳುತ್ತಿದ್ದರು ಅನ್ನುವುದಾದರೆ ಸಾಕು. ಗರಿಷ್ಠ ಶಿಕ್ಷೆ ಐದು ವರ್ಷ. ಮೈದಾನದೊಳಗೆ ಮಾತ್ರವಲ್ಲ, ಹೋಗುವ ದಾರಿ, ಬರುವ ದಾರಿ, ಟಿವಿಯಲ್ಲಿ ಪಂದ್ಯ ತೋರಿಸುವ ಪಬ್ಬು, ಎಲ್ಲಕ್ಕೂ ಅನ್ವಯ. ಮನೆಯೊಳಗಿನ ಟಿವಿಯೊಂದನ್ನು ಪುಣ್ಯಕ್ಕೆ ಬಿಟ್ಟಿದ್ದರು. ನಮ್ಮ ಬೀದಿಯ ಪಬ್ಬಿನಲ್ಲಿ ಶನಿವಾರ ಪಂದ್ಯ ಓಡುವಾಗ ಹಾಡಿದರೆ ಈ ಕಾನೂನು. ಅದೇ ಮೂಲೆಯಲ್ಲಿ, ಅದೇ ಜನ, ಅದೇ ಹಾಡನ್ನು ಭಾನುವಾರ ಗಿಟಾರಿನ ಜೊತೆ ಹಾಡಿದರೆ ಈ ಕಾನೂನಿಲ್ಲ.

ಯಾಕೆ ಫುಟ್‌ಬಾಲಿಗೊಂದೇ? ಇದಕ್ಕೆ ಉತ್ತರ ಇಲ್ಲಿಯ ಜಾತಿಯಂಥ ವರ್ಗದಲ್ಲಿದೆ. 1980ರ ಸ್ಕಾಟಿಷ್ ಕಪ್ ಫೈನಲ್ಲಿನ ಹೊಡೆದಾಟದ ನಂತರ ಫುಟ್‌ಬಾಲ್ ಮೈದಾನಗಳಲ್ಲಿ ಪ್ರೇಕ್ಷಕರಿಗೆ ಮದ್ಯ ನಿಂತಿತು. ಎಡಿನ್‌ಬರೋದ ಮರ‍್ರೇಫೀಲ್ಡಿನಲ್ಲಿ ರಗ್ಬಿ ನೋಡುವವರು ಬಿಯರ್ ಗ್ಲಾಸು ಹಿಡಿದೇ ಕೂರುತ್ತಾರೆ. ರಗ್ಬಿಗೆ ಹೋಗುವವರಲ್ಲಿ ಕಾನೂನು ಬರೆಯುವವರ ಪೈಕಿ ಜನ ಜಾಸ್ತಿ, ನನ್ನ ಅಂಗಡಿಯ ಮುಂದೆ ಹತ್ತು ಗಂಟೆಗೆ ಕಾಯುವವರಲ್ಲಿ ಕಡಿಮೆ, ಅಷ್ಟೆ.

ನನ್ನ ಅಂಗಡಿಯಲ್ಲಿ ಶನಿವಾರ ಸಾಮಾನು ಜೋಡಿಸುತ್ತಿದ್ದ ಹುಡುಗನೊಬ್ಬನಿದ್ದ. ಹದಿನೇಳರ ಪ್ರಾಯ, ಪ್ಲಂಬಿಂಗ್ ಕೆಲಸಕ್ಕೆ ಅಪ್ರೆಂಟಿಸ್ ಆಗಿ ಸೇರುವುದರಲ್ಲಿದ್ದ. ಪಂದ್ಯವೊಂದರಲ್ಲಿ ಗುಂಪಿನೊಡನೆ ಹಾಡುತ್ತಿದ್ದದ್ದು ಕ್ಯಾಮೆರಾದಲ್ಲಿ ಸಿಕ್ಕಿತಂತೆ. ವಾರಗಳಾದ ಮೇಲೆ ಬೆಳಗಿನ ಜಾವ ಪೊಲೀಸರು ಮನೆ ಬಾಗಿಲು ತಟ್ಟಿದರು. ಅವನ ತಾಯಿ ಡ್ರೆಸ್ಸಿಂಗ್ ಗೌನಿನಲ್ಲೇ ಅಂಗಡಿಗೆ ಓಡಿಬಂದು, ವಕೀಲರ ಫೋನ್ ನಂಬರು ಇದ್ದರೆ ಕೊಡಿ ಅಂದರು. ಕೇಸು ಮುಂದೂಡಿ ಮುಂದೂಡಿ ಕೊನೆಗೊಂದು ದಿನ ಬಿದ್ದುಹೋಯಿತು. ಅಷ್ಟರಲ್ಲಿ ಅಪ್ರೆಂಟಿಸ್ ಜಾಗ ಇನ್ನೊಬ್ಬನಿಗೆ ಹೋಗಿತ್ತು. ಅವನು ಹಾಡಿದ್ದು ಸಾಚಾ ಹಾಡು ಅಂತ ನಾನು ವಾದಿಸುವುದಿಲ್ಲ. ಬೈಗುಳ ಯಾರಿಗೆ ತಾಗಿತು, ಯಾರಿಗೆ ನೋವಾಯಿತು ಅಂತ ನ್ಯಾಯಾಲಯದಲ್ಲಿ ನಿಂತು ಹೇಳುವವರು ಒಬ್ಬರೂ ಇರಲಿಲ್ಲ. ಸಾಕ್ಷಿ ಹೇಳಬೇಕಿದ್ದವರು ಪೊಲೀಸರೇ.

ಇದಕ್ಕೆ ಎದುರಾಗಿ ನನ್ನದೇ ಪ್ರಕರಣ ಇಡುತ್ತೇನೆ. ಆ ಕಾನೂನು ಬರುವ ಮೊದಲು, ಒಂದು ಚಳಿಗಾಲದ ಶನಿವಾರ, ಪಂದ್ಯಕ್ಕೆ ಹೊರಟಿದ್ದ ಒಬ್ಬ ನನ್ನ ಕೌಂಟರಿನ ಮುಂದೆ ನಿಂತು ‘ಪ್ಯಾಕಿ’ (ಪಾಕಿಸ್ತಾನಿ ಎಂದು ಹೀಯಾಳಿಸುವ ಬೈಗುಳ) ಎಂದು ಶುರುಮಾಡಿ ಬಾಯಿಗೆ ಬಂದದ್ದೆಲ್ಲ ಅಂದ. ತೀರ್ಥಹಳ್ಳಿ ಯಾವ ದೇಶದಲ್ಲಿದೆ ಎಂದು ಅವನಿಗೆ ತಿಳಿಹೇಳುವ ಗಳಿಗೆ ಅದಲ್ಲ. ಸಿಗರೇಟು ಉದ್ದರಿ ಕೊಡಲಿಲ್ಲವೆಂದು ಶೆಲ್ಫಿನ ಬಾಟಲಿಗಳನ್ನು ಉರುಳಿಸಿ, ರಾತ್ರಿ ಬಂದು ಅಂಗಡಿ ಸುಡುತ್ತೇನೆ ಅಂದ. ಕ್ಯಾಮೆರಾದಲ್ಲಿ ಎಲ್ಲ ಇತ್ತು. ಜನಾಂಗೀಯ ದ್ವೇಷದ ಹಳೆಯ ಕಲಮುಗಳಡಿ ಅವನಿಗೆ ಶಿಕ್ಷೆಯಾಯಿತು, ಜೊತೆಗೆ 2006ರ ಕಾನೂನಿನಂತೆ ಮೈದಾನಗಳಿಗೆ ಹೋಗದಂತೆ ನಿಷೇಧವೂ ಬಿತ್ತು. ಸಾಕ್ಷಿ ಕಟ್ಟೆಯಲ್ಲಿ ನಿಂತು ನಾನೇ ಹೇಳಿದೆ: ಇವನೇ, ಇಷ್ಟು ಅಂದ, ನನಗೇ ಅಂದ. ಬೆದರಿಕೆ, ಎದುರಿಗೊಬ್ಬನನ್ನು ಗುರಿಯಿಟ್ಟ ನಿಂದನೆ, ಇವಕ್ಕೆ ಶಿಕ್ಷೆ ಆಗಲೇಬೇಕು. ಅದಕ್ಕೆ ಫುಟ್‌ಬಾಲಿನ ಹೆಸರು ಹೊತ್ತ ಪ್ರತ್ಯೇಕ ಕಾನೂನು ಬೇಕಾಗಿರಲಿಲ್ಲ.

ಒಬ್ಬ ಶೆರಿಫ್ (ಇಲ್ಲಿ ಶೆರಿಫ್ ಅಂದರೆ ಪೊಲೀಸಲ್ಲ, ನ್ಯಾಯಾಧೀಶ) 2013ರಲ್ಲಿ ಡಂಡೀ ನಗರದ ತೆರೆದ ನ್ಯಾಯಾಲಯದಲ್ಲೇ ಈ ಕಾನೂನನ್ನು ಬರೆದ ರೀತಿಗೆ ಛೀಮಾರಿ ಹಾಕಿದರು. ಅದೇ ವರ್ಷದ ಮಾರ್ಚ್‌ನಲ್ಲಿ ಗ್ಯಾಲೋಗೇಟಿನಲ್ಲಿ ಮೆರವಣಿಗೆ ಹೊರಟ ಸೆಲ್ಟಿಕ್ ಹುಡುಗರನ್ನು ಪೊಲೀಸರು ಸುತ್ತುವರಿದು ನಿಲ್ಲಿಸಿದಾಗ ಊರಲ್ಲಿ ಸಿಟ್ಟು ಏರಿತು. ಕೊನೆಗೆ ಲೇಬರ್ ಪಕ್ಷದ ಜೇಮ್ಸ್ ಕೆಲಿ ತಂದ ರದ್ದತಿ ಮಸೂದೆ 2018ರ ಮಾರ್ಚ್ 15ರಂದು 62-60ರಲ್ಲಿ, ಸರ್ಕಾರದ ವಿರೋಧದ ನಡುವೆಯೇ, ಪಾಸಾಯಿತು.

ಎದುರು ವಾದವೂ ಸಣ್ಣದಲ್ಲ. ಸಮೀಕ್ಷೆಗಳಲ್ಲಿ ಬಹುಪಾಲು ಜನ ಕಾನೂನಿನ ಪರವೇ ಇದ್ದರು. ರದ್ದಾದರೆ ದ್ವೇಷದ ಹಾಡುಗಳಿಗೆ ಹಸಿರು ನಿಶಾನೆ ತೋರಿಸಿದಂತೆ ಎಂದು ಅಲ್ಪಸಂಖ್ಯಾತರ ಪರ ಕೆಲಸ ಮಾಡುವ ಸಂಘಟನೆಗಳೂ ಹೇಳಿದವು. ನನ್ನ ಹೆಂಡತಿಯೂ ಅದನ್ನೇ ಅಂದಳು. ಪಂದ್ಯದ ದಿನ ಬಸ್ಸು ಹತ್ತಲು ಅವಳಿಗೆ ಈಗಲೂ ಮನಸ್ಸಿಲ್ಲ. ಅವಳ ಭಯವನ್ನು ಭ್ರಮೆ ಅನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ಕಾನೂನು ಇದ್ದ ಆರು ವರ್ಷವೂ ಪಂದ್ಯದ ದಿನ ಅವಳು ಬಸ್ಸು ಹತ್ತುತ್ತಿರಲಿಲ್ಲ.

2021ರಲ್ಲಿ ಸ್ಕಾಟ್ಲೆಂಡ್ ಸಂಸತ್ತು ಇನ್ನೊಂದು ದ್ವೇಷಾಪರಾಧ ಕಾನೂನು ಮಾಡಿತು. 2024ರ ಏಪ್ರಿಲ್ 1ರಂದು ಜಾರಿಯಾದ ಮೊದಲ ವಾರದಲ್ಲೇ ಏಳು ಸಾವಿರಕ್ಕೂ ಹೆಚ್ಚು ದೂರುಗಳು ಬಂದವು. ಅಪರಾಧವೆಂದು ದಾಖಲಾದದ್ದು ಅದರಲ್ಲಿ ಚಿಕ್ಕ ಪಾಲು. ಅದರ ಬಗ್ಗೆಯೂ ನನಗೆ ತಕರಾರುಗಳಿವೆ. ಆದರೆ ಅಲ್ಲಿ ದ್ವೇಷ ಕೆರಳಿಸುವ ಅಪರಾಧಕ್ಕೆ ಬೆದರಿಕೆಯೋ ನಿಂದನೆಯೋ ಇರಬೇಕು, ಜನಾಂಗದ ವಿಷಯವೊಂದರಲ್ಲಿ ಮಾತ್ರ ಅವಮಾನವೂ ಸಾಕು. ಮತ್ತು ಅದು ಮೈದಾನಕ್ಕೂ ಮದುವೆಮನೆಗೂ ಒಂದೇ.

ನಮ್ಮ ಮಸೂದೆಯನ್ನು ಓದುವವರು ಯಾವ ಮಾತು ಅಪರಾಧ ಎಂದು ಗೆರೆ ಎಳೆಯುವ ಈ ಜಾಗದಲ್ಲಿ ಕಣ್ಣಿಡಿ ಎಂಬುದಷ್ಟೇ ನನ್ನ ಕೋರಿಕೆ. ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿಯ ವೆಸ್ಟ್ ಬ್ಲಾಕ್ ಬ್ಲೂಸ್ ಹುಡುಗರು ಎದುರಾಳಿ ತಂಡವನ್ನು ಕಾಲೆಳೆದು ಕೂಗುವುದನ್ನು ರಜೆಗೆ ಬಂದಾಗ ಕೇಳಿದ್ದೇನೆ. ಅದಕ್ಕೂ ಅಂಗಡಿ ಸುಡುತ್ತೇನೆ ಅಂದವನ ಮಾತಿಗೂ ಒಂದೇ ಅಳತೆಗೋಲು ಹಿಡಿಯುವ ಕಾನೂನಾದರೆ, ಮೊದಲು ಸಿಕ್ಕಿಬೀಳುವವರು ಆ ಹುಡುಗರೇ.

ಹಾಗಾದರೆ ಮೈದಾನದ ಕೊಳಕು ಬಾಯಿಗೆ ಮದ್ದೇ ಇಲ್ಲವೇ? ಇದೆ. 2019ರ ಜುಲೈನಲ್ಲಿ ರೇಂಜರ್ಸ್ ಅಭಿಮಾನಿಗಳು ಯುರೋಪಿನ ಟೂರ್ನಿಯೊಂದರ ಪಂದ್ಯದಲ್ಲಿ ಪಂಥದ್ವೇಷದ ಹಾಡು ಹಾಡಿದರು. ಯುರೋಪಿನ ಫುಟ್‌ಬಾಲ್ ಒಕ್ಕೂಟವಾದ ಯೂಎಫಾ ಯಾವ ಹುಡುಗನ ಮನೆ ಬಾಗಿಲನ್ನೂ ತಟ್ಟಲಿಲ್ಲ. ಮುಂದಿನ ತಿಂಗಳ ಲೇಜಿಯಾ ವಾರ್ಸಾ ವಿರುದ್ಧದ ಪಂದ್ಯಕ್ಕೆ ರೇಂಜರ್ಸ್‌ನ ಐಬ್ರಾಕ್ಸ್ ಮೈದಾನದ ಕನಿಷ್ಠ 3,000 ಆಸನ ಖಾಲಿ ಬಿಡಿ ಎಂದು ಕ್ಲಬ್ಬಿಗೆ ಹೇಳಿತು. ಈ ದಾರಿಯಲ್ಲೂ ಮುಳ್ಳಿದೆ, ಒಪ್ಪುತ್ತೇನೆ. 2016ರಲ್ಲಿ ಸೆಲ್ಟಿಕ್‌ನವರು ಪ್ಯಾಲೆಸ್ಟೀನ್ ಬಾವುಟ ಹಿಡಿದದ್ದಕ್ಕೂ ಯೂಎಫಾ ದಂಡ ಹಾಕಿತ್ತು; ಅಭಿಮಾನಿಗಳು ಸಿಟ್ಟಿನಿಂದ ಪ್ಯಾಲೆಸ್ಟೀನಿನ ದತ್ತಿಸಂಸ್ಥೆಗಳಿಗೆ ಲಕ್ಷ ಪೌಂಡ್‌ಗೂ ಮೀರಿ ಕೂಡಿಸಿ ಕೊಟ್ಟರು. ಆದರೂ ಟಿಕೆಟ್ಟಿನ ದುಡ್ಡು ಕೈತಪ್ಪಿದರೆ ಕ್ಲಬ್ಬು ತನ್ನ ಸ್ಟ್ಯಾಂಡನ್ನು ತಾನೇ ಕಾಯುತ್ತದೆ, ಯಾರಿಗೂ ಕ್ರಿಮಿನಲ್ ದಾಖಲೆ ಅಂಟುವುದಿಲ್ಲ. ಇದೇ ನಿಯಮವನ್ನು ಸ್ಕಾಟ್ಲೆಂಡಿನೊಳಗಿನ ಲೀಗಿಗೂ ತರೋಣ ಎಂಬ ಮಾತು ಬಂದಾಗಲೆಲ್ಲ ಕ್ಲಬ್ಬುಗಳು ಬೇಡ ಅಂದಿವೆ. ಹಾಡಿದವನಿಗೆ ಐದು ವರ್ಷ ಎಂದು ಬರೆದ ಸರ್ಕಾರವೂ ಕ್ಲಬ್ಬಿನ ಮಾಲೀಕರ ಮೇಲೆ ಆ ನಿಯಮ ಹೇರಲು ಹೋಗಲಿಲ್ಲ.

ಇಂತಿ,
ತೀರ್ಥಹಳ್ಳಿ ಮೂಲದ ಓದುಗ,
ಡೆನಿಸ್ಟೌನ್, ಗ್ಲಾಸ್ಗೋ