ಹದಿನೆಂಟು ತಾಸಿನ ಮಾತು ಸಾಕು, ಮಂಗಳವಾರದ ಲೆಕ್ಕ ಕೇಳಿ

ಮಾನ್ಯ ಸಂಪಾದಕರೇ,

ಸರ್ಕಾರಿ ನೇಮಕಾತಿ ಪರೀಕ್ಷೆಯ ಫಲಿತಾಂಶ ಬಂದಾಗಲೆಲ್ಲ ಪತ್ರಿಕೆಗಳಲ್ಲಿ ಆಯ್ಕೆಯಾದವರ ಸಂದರ್ಶನ ಬರುತ್ತದೆ. ‘ದಿನಕ್ಕೆ ಎಷ್ಟು ತಾಸು ಓದಿದಿರಿ?’ ಎಂಬ ಪ್ರಶ್ನೆ ಅದರಲ್ಲಿ ತಪ್ಪುವುದಿಲ್ಲ. ‘ಹದಿನಾರು, ಹದಿನೆಂಟು’ ಎಂಬ ಉತ್ತರವೂ ತಪ್ಪುವುದಿಲ್ಲ. ಗದಗ, ಹಾವೇರಿ, ಕೊಪ್ಪಳದ ಹಳ್ಳಿಗಳಿಂದ ಬಂದು ಧಾರವಾಡದ ಸಪ್ತಾಪುರದಲ್ಲಿ ಕೋಣೆ ಹಿಡಿದು ಈ ಪರೀಕ್ಷೆಗಳಿಗೆ ಓದುವವರು ಆ ಸಂದರ್ಶನವನ್ನು ಕತ್ತರಿಸಿ ಗೋಡೆಗೆ ಅಂಟಿಸಿ, ಮರುದಿನದಿಂದಲೇ ನಸುಕಿನ ನಾಲ್ಕಕ್ಕೆ ಅಲಾರಾಂ ಇಡುತ್ತಾರೆ. ಹತ್ತನೆಯ ದಿನಕ್ಕೆ ಅಲಾರಾಂ ತನ್ನ ಪಾಡಿಗೆ ಬಡಿದುಕೊಳ್ಳುತ್ತಿರುತ್ತದೆ, ಮಲಗಿದವರು ಮಲಗೇ ಇರುತ್ತಾರೆ. ಆಮೇಲೆ ‘ನಾನು ಸೋಮಾರಿ’ ಎಂದು ತಮ್ಮನ್ನೇ ಬೈದುಕೊಳ್ಳುವುದು ಬೇರೆ. ತಪ್ಪಿದ್ದು ಹಾಕಿಕೊಂಡ ಅಳತೆ.

ಹೊಸ ರೂಢಿಯ ಅಳತೆಯನ್ನು ಕೆಟ್ಟ ದಿನವನ್ನು ಎದುರಿಗಿಟ್ಟುಕೊಂಡು ಗೊತ್ತು ಮಾಡಬೇಕು. ಮೈ ಸ್ವಲ್ಪ ಬೆಚ್ಚಗಿದೆ, ಖಾನಾವಳಿ ಬಂದ್ ಆಗಿದೆ, ಊರಿಂದ ಫೋನಿನ ಮೇಲೆ ಫೋನು ಬರುತ್ತಿದೆ. ಅಂಥ ದಿನವೂ ಮುಗಿಯುವಷ್ಟಿರಬೇಕು. ಪಠ್ಯಪುಸ್ತಕದ ನಾಲ್ಕು ಪುಟ ಎಂದಿಟ್ಟುಕೊಳ್ಳಿ. ವಾರಕ್ಕೆ ಆರು ದಿನ ಓದಿದರೆ ವರ್ಷಕ್ಕೆ 1248 ಪುಟ. ಕೇಳಲು ಸಪ್ಪೆ, ಆದರೆ ಆರರಿಂದ ಹತ್ತನೆಯ ತರಗತಿಯ ಸಮಾಜ ವಿಜ್ಞಾನವನ್ನು ಅರ್ಧಕ್ಕೇ ಬಿಟ್ಟು ದಪ್ಪ ಗೈಡಿಗೆ ಹಾರುವವರಿಗೆ ಈ ಸಪ್ಪೆಯೇ ಸಿಕ್ಕಿರುವುದಿಲ್ಲ. ಇನ್ನೊಂದು ಮಾತು. ಓದು, ಓಟ, ತಣ್ಣೀರು ಸ್ನಾನ, ಮೊಬೈಲ್ ಬಿಡುವುದು, ನಾಲ್ಕನ್ನೂ ಒಂದೇ ಸೋಮವಾರ ಶುರು ಮಾಡಿದರೆ ನಾಲ್ಕೂ ಒಟ್ಟಿಗೇ ಬೀಳುತ್ತವೆ. ಒಂದು ಗಟ್ಟಿಯಾದ ಮೇಲೆ ಎರಡನೆಯದು.

ಹೊತ್ತನ್ನು ಗಡಿಯಾರಕ್ಕೆ ಕಟ್ಟುವುದು ನಮ್ಮ ಕಡೆ ಬಾಳುವುದಿಲ್ಲ. ಹುಬ್ಬಳ್ಳಿ-ಧಾರವಾಡ ಅವಳಿನಗರದ ಎಷ್ಟೋ ಬಡಾವಣೆಗಳಲ್ಲಿ ನಳಕ್ಕೆ ನೀರು ದಿನವೂ ಬರುವುದಿಲ್ಲ, ಬಂದರೂ ಹೊತ್ತಿಗೆ ಬರುವುದಿಲ್ಲ. ಗದಗ-ಬೆಟಗೇರಿಯವರಿಗಂತೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ‘ಬೆಳಿಗ್ಗೆ ಆರಕ್ಕೆ ಓದು’ ಎಂದು ಬರೆದವರು ಆರಕ್ಕೆ ಕೊಡ ಹಿಡಿದು ನಿಂತಿರುತ್ತಾರೆ, ಆ ದಿನದ ಓದು ಹೋಯಿತು. ಗಡಿಯಾರದ ಬದಲು ದಿನವೂ ಹೇಗಿದ್ದರೂ ನಡೆಯುವ ಕೆಲಸಕ್ಕೆ ಗಂಟು ಹಾಕಬೇಕು: ಚಹಾದ ಲೋಟ ತೊಳೆದಿಟ್ಟ ಕೂಡಲೇ ನಾಲ್ಕು ಪುಟ. ನೀರು ಬಂದು ಚಹಾ ಎಂಟಕ್ಕಾದರೆ ಓದೂ ಎಂಟಕ್ಕೆ. ಆರಿಸಿದ ಗೂಟ ಗಟ್ಟಿ ಇರಬೇಕು, ಅಷ್ಟೇ. ‘ಚಿಗರಿ ಬಸ್ಸಿನಲ್ಲಿ ಸೀಟು ಸಿಕ್ಕ ಮೇಲೆ’ ಎಂಬುದು ಗೂಟವಲ್ಲ, ಅದೃಷ್ಟ. ‘ಬಸ್ಸು ಹತ್ತಿದ ಮೇಲೆ, ನಿಂತೇ’ ಎಂಬುದು ಗೂಟ. ಗಂಗೂಬಾಯಿ ಹಾನಗಲ್ ಅವರು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರ ಹತ್ತಿರ ಸಂಗೀತ ಕಲಿತು ಬರುತ್ತಿದ್ದರು. ಮನಸ್ಸು ಬಂದಾಗ ಹೊರಡೋಣ ಎಂದರೆ ರೈಲು ಕಾಯುವುದಿಲ್ಲವಲ್ಲ.

ರಾತ್ರಿ ಮಲಗುವ ಮುಂಚೆ ಎರಡು ನಿಮಿಷದ ತಯಾರಿ ಬೇಕು. ನಾಳೆಯ ಪುಟ ತೆರೆದು ಅದರ ಮೇಲೆ ಪೆನ್ನು ಇಡಿ, ಮೊಬೈಲನ್ನು ಟ್ರಂಕಿನೊಳಗೆ ಹಾಕಿ. ಅದು ಕೈಗೆ ಸಿಗುವಂತಿದ್ದರೆ ಮುಂಜಾನೆಯ ಮೊದಲ ಇಪ್ಪತ್ತು ನಿಮಿಷ ಅದರದ್ದೇ.

ಇನ್ನು ಓದಿದ್ದು ಉಳಿಯುವ ವಿಷಯ. ಹೆಚ್ಚಿನವರು ಎಡವುವುದು ಇಲ್ಲಿಯೇ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳಬೇಕು. ಹಳದಿ ಮಾರ್ಕರ್ ಎಳೆದು ಎಳೆದು ಪುಟವೆಲ್ಲ ಅರಿಸಿನ ಬಳಿದಂತಾಗಿರುತ್ತದೆ. ಮತ್ತೆ ಓದಿದಾಗ ‘ಇದು ಬರುತ್ತದೆ’ ಅನ್ನಿಸುತ್ತದೆ. ಬರುವುದು ಬರೀ ಗುರುತು, ಪುಸ್ತಕ ಮುಚ್ಚಿದರೆ ನೆನಪಿಗೆ ಏನೂ ಏಳುವುದಿಲ್ಲ. ಮರೆವು ಮೊದಲ ಒಂದೆರಡು ದಿನದಲ್ಲೇ ಜೋರು, ಆಮೇಲೆ ನಿಧಾನ ಎಂಬುದನ್ನು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹಾಸ್ ಅರ್ಥವಿಲ್ಲದ ಅಕ್ಷರಗಳನ್ನು ತಾನೇ ಬಾಯಿಪಾಠ ಮಾಡಿ ಅಳೆದು 1885ರಲ್ಲಿ ಪ್ರಕಟಿಸಿದ. ಅದಕ್ಕೆ ತಕ್ಕ ಉಪಾಯಕ್ಕೆ ಖರ್ಚೇನೂ ಇಲ್ಲ. ಚಪ್ಪಲಿ ಡಬ್ಬಿಯೊಂದರಲ್ಲಿ ರಟ್ಟು ಸಿಕ್ಕಿಸಿ ಐದು ಖಾನೆ ಮಾಡಿ. ದಪ್ಪ ಡ್ರಾಯಿಂಗ್ ಶೀಟನ್ನು ಎ4 ಹಾಳೆಯ ಎಂಟನೆಯ ಒಂದರಷ್ಟು ಕತ್ತರಿಸಿ. ಮುಂದೆ ಪ್ರಶ್ನೆ, ಹಿಂದೆ ಉತ್ತರ. ಒಂದು ಕಾರ್ಡಿಗೆ ಒಂದೇ ಸಂಗತಿ. ‘ಕಣಗಿನಹಾಳದ ಸಹಕಾರ ಸಂಘ ಶುರುವಾದ ವರ್ಷ?’ ಹಿಂದೆ ‘1905’. ‘ಸಹಕಾರ ಚಳವಳಿ ಬಗ್ಗೆ ಬರೆ’ ಎಂಬ ಕಾರ್ಡು ಕೆಲಸಕ್ಕೆ ಬಾರದು, ಸರಿ-ತಪ್ಪು ನೋಡುವುದೇ ಆಗುವುದಿಲ್ಲ.

ಮೊದಲ ಖಾನೆಯನ್ನು ದಿನವೂ ನೋಡಬೇಕು, ಎರಡನೆಯದನ್ನು ದಿನ ಬಿಟ್ಟು ದಿನ, ಮೂರನೆಯದನ್ನು ವಾರಕ್ಕೊಮ್ಮೆ, ನಾಲ್ಕನೆಯದನ್ನು ಹದಿನೈದು ದಿನಕ್ಕೊಮ್ಮೆ, ಐದನೆಯದನ್ನು ತಿಂಗಳಿಗೊಮ್ಮೆ. ಉತ್ತರ ಸರಿಯಾದರೆ ಕಾರ್ಡು ಮುಂದಿನ ಖಾನೆಗೆ, ತಪ್ಪಿದರೆ ಎಲ್ಲಿದ್ದರೂ ಸೀದಾ ಮೊದಲನೆಯದಕ್ಕೆ. ಐದನೆಯದರಲ್ಲೂ ಸರಿ ಬಂದರೆ ಡಬ್ಬಿಯಿಂದ ಹೊರಗೆ. ಇದು ಕೆಡುವುದು ಹುಮ್ಮಸ್ಸಿನಿಂದ. ದಿನಕ್ಕೆ 8 ಹೊಸ ಕಾರ್ಡನ್ನು ಮೊದಲ ಖಾನೆಗೆ ಹಾಕಿದರೆ, ಒಂದೊಂದೂ ಐದು ಖಾನೆ ದಾಟಬೇಕಾದ್ದರಿಂದ, ಐದೂ ತುಂಬಿದ ಮೇಲೆ ದಿನದ ಪಾಲಿಗೆ ಸರಾಸರಿ 40 ಬರುತ್ತವೆ. ಒಂದಕ್ಕೆ 15 ಸೆಕೆಂಡಿನಂತೆ ಹತ್ತು ನಿಮಿಷ, ತಪ್ಪಿದವು ಸೇರಿ ಹದಿನೈದು. 30 ಹಾಕಿದರೆ 150 ಕಾರ್ಡು, ತಪ್ಪಿದವೂ ಸೇರಿ ಮುಕ್ಕಾಲು ತಾಸು ದಾಟುತ್ತದೆ. ತಿಂಗಳೊಪ್ಪತ್ತಿನಲ್ಲಿ ಡಬ್ಬಿ ಮಂಚದ ಕೆಳಗೆ ಸೇರುತ್ತದೆ.

ಪೊಲೀಸ್ ಹುದ್ದೆಗೆ ಓಡುವವರದು ಬೇರೆ ತರಹದ ಅವಸರ. ದೈಹಿಕ ಪರೀಕ್ಷೆಯ 1600 ಮೀಟರ್ ಓಟ ಅಂದರೆ ಟ್ರ್ಯಾಕಿನ ನಾಲ್ಕು ಸುತ್ತು. ಮೊದಲ ದಿನವೇ ನಾಲ್ಕೂ ಓಡಿ, ಮೂರನೆಯ ವಾರಕ್ಕೆ ಮೊಣಕಾಲ ಕೆಳಗಿನ ಎಲುಬಿನ ಒಳಬದಿ ಹಿಡಿದುಕೊಂಡು ಕೂರುತ್ತಾರೆ. ಉಸಿರು ಕೆಲವೇ ವಾರಗಳಲ್ಲಿ ಪಳಗುತ್ತದೆ, ಎಲುಬು ಮತ್ತು ಸ್ನಾಯುರಜ್ಜುಗಳಿಗೆ ತಿಂಗಳುಗಳು ಬೇಕು. ಉಸಿರಿನ ಮಾತು ಕೇಳಿ ಕಾಲನ್ನು ದುಡಿಸಿದರೆ ಕಾಲು ಕೈಕೊಡುತ್ತದೆ. ಮೊದಲ ಎರಡು ವಾರ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಹೀಗೆ ಎಂಟು ಸಲ. ಒಟ್ಟು 24 ನಿಮಿಷ. ಅದೂ ದಿನ ಬಿಟ್ಟು ದಿನ. ನಡುವಿನ ದಿನ ಬರೀ ನಡಿಗೆ. ಶೂ ಕಟ್ಟಿ ಹೊರಬೀಳುವುದು ದಿನದ ರೂಢಿ, ಓಟದ ಭಾರ ದಿನವೂ ಒಂದೇ ಇರಬೇಕಾಗಿಲ್ಲ. ಧಾರವಾಡದ ಜಿಟಿಜಿಟಿ ಮಳೆ ಹಿಡಿದಾಗ ಶೂ ಕಟ್ಟಿ ಮೆಟ್ಟಿಲು ಹತ್ತಿ ಇಳಿದರೂ ಆ ದಿನದ ಗುರುತು ಹಾಕಬಹುದು.

‘21 ದಿನ ಮಾಡಿದರೆ ರೂಢಿಯಾಗುತ್ತದೆ’ ಎಂಬ ಮಾತು ಎಲ್ಲ ಕಡೆ ಓಡಾಡುತ್ತದೆ. ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಒಬ್ಬರು ತಮ್ಮ ರೋಗಿಗಳು ಹೊಸ ಮುಖಕ್ಕೆ ಒಗ್ಗಿಕೊಳ್ಳುವುದನ್ನು ನೋಡಿ, ‘ಕಡಿಮೆಯೆಂದರೂ’ ಅಷ್ಟು ದಿನ ಬೇಕು ಎಂದು 1960ರಲ್ಲಿ ಬರೆದದ್ದು ಅದು. ‘ಕಡಿಮೆಯೆಂದರೂ’ ಎಂಬುದು ದಾರಿಯಲ್ಲಿ ಉದುರಿಹೋಯಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಿಕ್ಕ ಲೆಕ್ಕ ಸರಾಸರಿ 66 ದಿನ. ಕೆಲವರಿಗೆ 18, ಕೆಲವರಿಗೆ 254ರವರೆಗೆ. ನೀರು ಕುಡಿಯುವಂಥ ಸಣ್ಣ ಕೆಲಸ ಬೇಗ ಒಗ್ಗುತ್ತದೆ, ವ್ಯಾಯಾಮಕ್ಕೆ ಹೆಚ್ಚು ದಿನ ಬೇಕು. 22ನೆಯ ದಿನವೂ ಮೈ ಭಾರವೆನಿಸಿದರೆ ಅದರಲ್ಲಿ ವಿಚಿತ್ರವೇನೂ ಇಲ್ಲ. ಅದೇ ಅಧ್ಯಯನದ ಇನ್ನೊಂದು ಮಾತು ಹೆಚ್ಚು ಉಪಯೋಗದ್ದು: ನಡುವೆ ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ನಷ್ಟವಿಲ್ಲ. ‘ತಪ್ಪಿತಲ್ಲ, ಇನ್ನು ಒಂದನೆಯ ತಾರೀಖಿನಿಂದ ನೋಡೋಣ’ ಎಂಬ ಯೋಚನೆಯೇ ಕೆಡಿಸುವುದು. ಒಂದು ದಿನ ತಪ್ಪಲಿ, ಬೆನ್ನಿಗೆ ಎರಡನೆಯ ದಿನ ತಪ್ಪಬಾರದು. ನಾಗಪಂಚಮಿಗೆ ಊರಿಗೆ ಹೋದವರು ಉಂಡಿ ತಿಂದು, ಜೋಕಾಲಿ ಆಡಿ, ನಾಲ್ಕು ದಿನ ಬಿಟ್ಟು ಬಂದರೆ ಮೊದಲ ದಿನ ಎರಡೇ ಪುಟ ಓದಲಿ. ಬಾಕಿ ಹದಿನಾರು ಪುಟವನ್ನು ಒಂದೇ ರಾತ್ರಿ ತೀರಿಸಲು ಕೂತವರು ಐದನೆಯ ದಿನವನ್ನೂ ಕಳೆದುಕೊಳ್ಳುತ್ತಾರೆ.

ಗುರುತು ಹಾಕಲು ಗೋಡೆಯ ಕ್ಯಾಲೆಂಡರ್ ಸಾಕು. ತಾಸು ಬರೆಯಬೇಡಿ, ಮುಗಿಸಿದ್ದಕ್ಕೆ ಒಂದು ಗೆರೆ ಎಳೆಯಿರಿ, ಅದೂ ಮುಗಿದ ಕೂಡಲೇ. ತಾಸು ಬರೆಯುವವರ ಲೆಕ್ಕದಲ್ಲಿ ಚಹಾದಂಗಡಿ, ಗಿರ್ಮಿಟ್ಟು, ಹರಟೆ ಎಲ್ಲವೂ ‘ಲೈಬ್ರರಿ, 9 ತಾಸು’ ಎಂದು ಸೇರಿರುತ್ತವೆ. ವಾರದಲ್ಲಿ ಮೂರು ಮನೆ ಖಾಲಿ ಉಳಿದರೆ ಅಳತೆಯನ್ನು ಅರ್ಧಕ್ಕಿಳಿಸಿ. ತಿಂಗಳಿಗೆ 24 ಗೆರೆ ದಾಟಿದ ಮೇಲೆ ಹೆಚ್ಚಿಸಿ, ನಾಲ್ಕು ಪುಟವಿದ್ದದ್ದು ಐದಾಗಲಿ, ಹತ್ತಾಗುವುದು ಬೇಡ.

ರೂಢಿ ಎಲ್ಲವನ್ನೂ ಮಾಡಿಕೊಡುವುದಿಲ್ಲ ಎಂಬುದನ್ನೂ ಹೇಳಬೇಕು. ಅದು ಕುರ್ಚಿಯವರೆಗೆ ಕರೆದೊಯ್ಯುತ್ತದೆ. ಬಿಡಿಸಲಾಗದ ಲೆಕ್ಕದ ಮುಂದೆ ತಲೆ ಕೆಡಿಸಿಕೊಳ್ಳುವುದು, ಎರಡು ತಾಸಿನ ಮಾದರಿ ಪರೀಕ್ಷೆ ಬರೆದು ತಪ್ಪುಗಳನ್ನು ಒಂದೊಂದಾಗಿ ಹುಡುಕುವುದು ರೂಢಿಯಿಂದ ತಾನಾಗಿ ಆಗುವ ಕೆಲಸವಲ್ಲ. ಅದಕ್ಕೆ ವಾರದಲ್ಲಿ ಒಂದು ದಿನ ಬೇರೆಯೇ ತೆಗೆದಿಡಬೇಕು.

ನಿಮ್ಮ ಪತ್ರಿಕೆಯನ್ನೂ ಎರಡು ತಾಸು ಓದುವವರಿದ್ದಾರೆ. ಹೇಳಿದರೆ ನಿಮಗೆ ಹಿಡಿಸಲಿಕ್ಕಿಲ್ಲ, ಪರೀಕ್ಷೆಗೆ 25 ನಿಮಿಷ ಸಾಕು: ಸಂಪಾದಕೀಯ, ರಾಜ್ಯ, ವಾಣಿಜ್ಯ ಪುಟಗಳು, ಮುಚ್ಚಿಟ್ಟು ನೆನಪಿನಿಂದ ಐದು ಸಾಲು. ಮುಂದಿನ ಫಲಿತಾಂಶದ ದಿನ ನಿಮ್ಮ ವರದಿಗಾರರು ತಾಸಿನ ಪ್ರಶ್ನೆಯನ್ನು ಬಿಟ್ಟು ಮೂರು ಪ್ರಶ್ನೆ ಕೇಳಲಿ ಎಂಬುದು ನಮ್ಮ ವಿನಂತಿ. ಮೊದಲ ತಿಂಗಳು ದಿನಕ್ಕೆ ಎಷ್ಟು ಪುಟ ಓದುತ್ತಿದ್ದಿರಿ? ಓದಲಾಗದ ದಿನ ಏನು ಮಾಡಿದಿರಿ? ಪರೀಕ್ಷೆ ಇನ್ನೂ ದೂರವಿದ್ದಾಗ, ಯಾವ ವಿಶೇಷವೂ ಇಲ್ಲದ ಒಂದು ಮಂಗಳವಾರ ಹೇಗಿರುತ್ತಿತ್ತು?

— ಸ್ಪರ್ಧಾತ್ಮಕ ಪರೀಕ್ಷೆಗಳ ಕೆಲವು ಬೋಧಕರು, ಸಪ್ತಾಪುರ, ಧಾರವಾಡ