ಶಾಲು ಹೊದಿಸುವ ಮೊದಲು ರಿಜಿಸ್ಟರ್ ತೆರೆದು ನೋಡಿ

ಮಾನ್ಯ ಸಂಪಾದಕರೇ,

1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಜಾರಿಗೆ ಬಂದದ್ದು 1995ರ ನವೆಂಬರ್ 9ರಂದು. ಅದರ ನೆನಪಿಗೆ ನಡೆಯುವ ಕಾನೂನು ಸೇವೆಗಳ ದಿನದ ಸುತ್ತಮುತ್ತ, ಕಾನೂನು ಕಾಲೇಜಿನ ಅಧ್ಯಾಪಕರನ್ನೂ ಸಿಬ್ಬಂದಿಯನ್ನೂ ಸಮಾಜಸೇವೆಗಾಗಿ ಗೌರವಿಸಬೇಕೆಂಬ ಮಾತು ಬರುತ್ತದೆ. ಗೌರವಿಸಲೇಬೇಕು. ನಮ್ಮ ತಕರಾರು ಇರುವುದು ಆಯ್ಕೆಯ ವಿಷಯದಲ್ಲಿ. ವೇದಿಕೆಯಲ್ಲಿ ಕೂತವರ ಪಟ್ಟಿಯೂ ಕಡತ ಹಿಡಿದು ತಾಲ್ಲೂಕು ಕಚೇರಿಗೆ ಅಲೆದವರ ಪಟ್ಟಿಯೂ ಒಂದೇ ಆಗಿರುವುದಿಲ್ಲ. ಸನ್ಮಾನ ಎರಡನೆಯ ಪಟ್ಟಿಗೆ ಸಲ್ಲಬೇಕಾದರೆ ಏನು ಮಾಡಬೇಕು ಎಂಬುದಕ್ಕೆ ಈ ಪತ್ರ.

ಮೊದಲು ಕರ್ತವ್ಯ ಯಾವುದು, ಸೇವೆ ಯಾವುದು ಎಂದು ಬೇರ್ಪಡಿಸಿಕೊಳ್ಳಬೇಕು. ಪ್ರತಿ ಕಾಲೇಜೂ ಹಿರಿಯ ಅಧ್ಯಾಪಕರೊಬ್ಬರ ಉಸ್ತುವಾರಿಯಲ್ಲಿ ಕಾನೂನು ನೆರವು ಘಟಕ ನಡೆಸಬೇಕೆಂದು ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳೇ ಹೇಳುತ್ತವೆ. ಪ್ರಾಧಿಕಾರ ಕಾಯ್ದೆಯ 4ನೇ ಕಲಂ, 2011ರ ಕಾನೂನು ಸೇವಾ ಕ್ಲಿನಿಕ್ ನಿಯಮಾವಳಿ ಎರಡೂ ಅದನ್ನು ಗಟ್ಟಿ ಮಾಡಿವೆ. ಹಾಗಾಗಿ ಘಟಕಕ್ಕೆ ಬೋರ್ಡು ಹಾಕಿಸಿದ್ದು, ಅಂತಿಮ ವರ್ಷದ ಹುಡುಗರನ್ನು ಕೋರ್ಟು ಕಲಾಪ ತೋರಿಸಲು ಕರೆದೊಯ್ದದ್ದು ಸಂಬಳದೊಳಗಿನ ಕೆಲಸ. ಕಲಾಪ ವೀಕ್ಷಣೆಗೆ ವಿದ್ಯಾರ್ಥಿಗೆ 30 ಅಂಕ ಸಿಗುತ್ತದೆ, ಮೇಷ್ಟ್ರಿಗೆ ಶಾಲು ಸಿಗಬೇಕಾಗಿಲ್ಲ. ಭಾನುವಾರ ಬಸ್ಸು ಹತ್ತಿ ಹೊಸನಗರದ ಒಳಹಳ್ಳಿಗೆ ಹೋಗಿ, ಒಬ್ಬ ಅಜ್ಜನ ಹೇಳಿಕೆ ಬರೆದುಕೊಂಡು, ಅದು ಯಾವ ಮೇಜಿನ ಮೇಲೆ ನಿಂತಿದೆ ಎಂದು ಮೂರು ತಿಂಗಳು ಬೆನ್ನು ಹತ್ತಿದ್ದರೆ ಅದು ಸೇವೆ.

ಆ ಕೆಲಸ ಎಷ್ಟು ಸೂಕ್ಷ್ಮವೆಂದು ಆಯ್ಕೆ ಸಮಿತಿಯಲ್ಲಿ ಕೂರುವವರಿಗೆ ಗೊತ್ತಿರಬೇಕು. ಮಲೆನಾಡಿನಲ್ಲಿ ನೆರವು ಕೇಳಿ ಬರುವವರಲ್ಲಿ ಬಹಳಷ್ಟು ಮಂದಿಯದು ಜಮೀನಿನ ತಂಟೆ. ‘ಜಾಗದ ಅರ್ಜಿ ಏನಾಯ್ತು ನೋಡಿ’ ಎನ್ನುತ್ತಾರೆ. ಆ ಅರ್ಜಿ ಬಗರ್‌ಹುಕುಂನ (ಸರ್ಕಾರಿ ಜಮೀನಿನ ಅನಧಿಕೃತ ಸಾಗುವಳಿಯ ಸಕ್ರಮ) ನಮೂನೆ 50, 53, 57ರಲ್ಲಿ ಯಾವುದಾದರೂ ಆಗಿರಬಹುದು, ಮನೆ ಅಡಿಯ ಜಾಗಕ್ಕೆ ಹಾಕಿದ 94ಸಿ ಆಗಿರಬಹುದು, ಅರಣ್ಯ ಹಕ್ಕಿನ ನಮೂನೆ ‘ಎ’ ಆಗಿರಬಹುದು. ಒಂದೇ ಜಾಗಕ್ಕೆ ಎರಡು ಕಡೆ ಅರ್ಜಿ ಹಾಕಿ ಕೂತವರೂ ಉಂಟು. ಆದ್ದರಿಂದ ಮೊದಲ ಕೆಲಸ ಪಹಣಿ ತೆಗೆಸುವುದು. 9ನೇ ಕಾಲಂನಲ್ಲಿ ಯಾರ ಹೆಸರಿದೆ, 11ರಲ್ಲಿ ಏನು ನಮೂದಾಗಿದೆ, 12ರಲ್ಲಿ ಸಾಗುವಳಿ ಯಾರದೆಂದಿದೆ, ಸರ್ವೆ ನಂಬರು ಗೋಮಾಳವೋ, ತೋಟಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟವೋ, ಅರಣ್ಯವೋ ಎಂದು ನೋಡುವುದು. ಈ ವಿಂಗಡಣೆ ತಪ್ಪಿದರೆ ಮುಂದಿನದೆಲ್ಲ ನೀರಿನಲ್ಲಿ ಹೋಮ.

2006ರ ಅರಣ್ಯ ಹಕ್ಕು ಕಾಯ್ದೆಯನ್ನೇ ತೆಗೆದುಕೊಳ್ಳಿ. ಪರಿಶಿಷ್ಟ ಪಂಗಡದವರಲ್ಲದ ಪಾರಂಪರಿಕ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷದ ವಾಸ ತೋರಿಸಬೇಕು. ಅರ್ಜಿಗಳು ಮುಗ್ಗರಿಸುವುದು ಇಲ್ಲೇ. 1930ರ ಕಾಗದ ಯಾರ ಮನೆಯ ಅಟ್ಟದಲ್ಲಿ ಉಳಿದಿದೆ? ಆದರೆ 75 ವರ್ಷದ ಮಾತು ಆ ಭಾಗದ ಕಾಡಿನಲ್ಲಿ ನೆಲೆಸಿ ಬದುಕಿದ್ದಕ್ಕೆ. ಕೇಳುತ್ತಿರುವ ಅದೇ ತುಂಡು ನೆಲವನ್ನು ಅಷ್ಟು ವರ್ಷ ಉತ್ತಿರಬೇಕೆಂದಲ್ಲ. ಅದು 2005ರ ಆ ದಿನಾಂಕಕ್ಕೆ ಮೊದಲು ಸ್ವಾಧೀನದಲ್ಲಿದ್ದರಾಯಿತು, ಮಿತಿ 4 ಹೆಕ್ಟೇರ್. ಪುರಾವೆಯೂ ಒಂದೇ ಬಗೆಯದಾಗಬೇಕಿಲ್ಲ. ಆ ಕಾಯ್ದೆಯ ನಿಯಮಗಳ 13ನೇ ನಿಯಮದಲ್ಲಿ ಗೆಜೆಟಿಯರ್, ಜನಗಣತಿ, ಸರ್ವೆ ದಾಖಲೆ, ಪಡಿತರ ಚೀಟಿ, ಮನೆ ತೆರಿಗೆ ರಸೀದಿಯಿಂದ ಹಿಡಿದು ಬಾವಿ, ಸ್ಮಶಾನ, ದೇವರ ಬನದಂಥ ನೆಲದ ಗುರುತುಗಳವರೆಗೆ ಪಟ್ಟಿಯಿದೆ. ಅರ್ಜಿದಾರರಲ್ಲದ ಹಿರಿಯರ ಲಿಖಿತ ಹೇಳಿಕೆಯೂ ಅದರಲ್ಲಿದೆ. ಇವುಗಳಲ್ಲಿ ಒಂದಕ್ಕಿಂತ ಹೆಚ್ಚನ್ನು ಪರಿಗಣಿಸಬೇಕು. ಇಂಥದ್ದೇ ಕಾಗದ ತಾ ಎಂದು ಪಟ್ಟು ಹಿಡಿದು ಅರ್ಜಿ ತಿರಸ್ಕರಿಸುವಂತಿಲ್ಲ ಎಂದು 2012ರ ತಿದ್ದುಪಡಿ ಬಿಡಿಸಿ ಹೇಳಿದೆ.

ಹಿರಿಯರ ಹೇಳಿಕೆ ಬರೆಯುವುದರಲ್ಲೇ ಒಳ್ಳೆಯ ಕಾರ್ಯಕರ್ತರ ಗುರುತು ಸಿಗುತ್ತದೆ. ಹೇಳಿದವರ ವಯಸ್ಸು, ಅರ್ಜಿದಾರರ ಅಜ್ಜನ ಹೆಸರು, ಆಗ ಇದ್ದ ಮನೆ ಎಲ್ಲಿ, ಚಕ್ಕುಬಂದಿ ಏನು, ಯಾವ ಹಳ್ಳ ಯಾವ ದಿಕ್ಕಿಗೆ, ತೋಟಕ್ಕೆ ಸೊಪ್ಪು ತರುತ್ತಿದ್ದ ದಾರಿ ಯಾವುದು ಎಂಬುದೆಲ್ಲ ಅವರ ಮಾತಿನಲ್ಲೇ ಬರಬೇಕು. ಓದಿ ಹೇಳಿದ ಮೇಲೆ ಹೆಬ್ಬೆಟ್ಟು. ಇದರ ಬದಲು ಒಂದೇ ಮಾದರಿ ಟೈಪು ಮಾಡಿಸಿ ಹೆಸರು ಮಾತ್ರ ಬದಲಿಸಿ ನೂರು ಪ್ರತಿ ತೆಗೆದರೆ, ಉಪವಿಭಾಗ ಮಟ್ಟದ ಸಮಿತಿಯಲ್ಲಿ ಎರಡನೇ ಹಾಳೆಗೇ ಗುಟ್ಟು ರಟ್ಟಾಗುತ್ತದೆ. ನಿಜ ಹೇಳಿದವರ ಅರ್ಜಿಯೂ ಅದರ ಜೊತೆಗೆ ಕೊಚ್ಚಿಹೋಗುತ್ತದೆ. ಗ್ರಾಮಸಭೆಯ ನಿರ್ಣಯಕ್ಕೂ ಅರ್ಧದಷ್ಟು ಸದಸ್ಯರ ಕೋರಂ ಬೇಕು, ಹಾಜರಿದ್ದವರಲ್ಲಿ ಮೂರನೇ ಒಂದು ಭಾಗ ಮಹಿಳೆಯರಿರಬೇಕು. ಸಹಿ ಪುಸ್ತಕದಲ್ಲಿ ಇದು ಕಾಣದಿದ್ದರೆ ನಿರ್ಣಯವೇ ಅಲುಗಾಡುತ್ತದೆ. ತಿರಸ್ಕಾರವಾದರೆ ಮೇಲ್ಮನವಿಗೆ 60 ದಿನ. ಆದೇಶವನ್ನು ಬಾಯಲ್ಲಿ ಹೇಳಿ ಕಳಿಸಿದರೆ ದಿನ ಎಣಿಸುವುದು ಎಲ್ಲಿಂದ? ಆದ್ದರಿಂದ ಲಿಖಿತ ಪ್ರತಿ ಕೇಳಿ ಪಡೆಯುವುದೂ ನೆರವಿನ ಕೆಲಸವೇ.

ಶರಾವತಿ ಮುಳುಗಡೆಯವರದು ಬೇರೆ ಲೆಕ್ಕ. 1964ರ ಲಿಂಗನಮಕ್ಕಿ ಅಣೆಕಟ್ಟಿಗಾಗಿ ಎದ್ದುಬಂದ ಕುಟುಂಬಕ್ಕೆ ಈಗಿರುವ ಊರಿನಲ್ಲಿ 75 ವರ್ಷ ತೋರಿಸು ಎಂದರೆ ಅದು ತರುವುದಾದರೂ ಎಲ್ಲಿಂದ? ಅವರಿಗೆ ಅಗತ್ಯವಿರುವುದು ಪುನರ್ವಸತಿಯ ಮಂಜೂರಾತಿ ಕಾಗದಗಳ ಹುಡುಕಾಟ. ಇದನ್ನು ತಿಳಿಯದೆ ಅವರಿಂದಲೂ ಅರಣ್ಯ ಹಕ್ಕಿನ ನಮೂನೆ ತುಂಬಿಸಿ ‘ಇಷ್ಟು ಅರ್ಜಿ ಹಾಕಿಸಿದೆವು’ ಎಂದು ವರದಿ ಬರೆದವರನ್ನು ಸಮಿತಿ ಹೊಗಳಬಾರದು.

ಇನ್ನೊಂದು ಬಗೆ, ತೋಟ ಬರೆದುಕೊಟ್ಟು ಕೈಬಿಡಿಸಿಕೊಂಡ ತಂದೆತಾಯಿಯದು. 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಅವರ ಅರ್ಜಿ ಹೋಗುವುದು ಉಪವಿಭಾಗಾಧಿಕಾರಿಯ ಮುಂದೆ; ನಮ್ಮ ಜಿಲ್ಲೆಯಲ್ಲಿ ಶಿವಮೊಗ್ಗ ಅಥವಾ ಸಾಗರ. ಆ ಕಾಯ್ದೆಯ 17ನೇ ಕಲಂ ವಕೀಲರನ್ನು ಹೊರಗಿಡುತ್ತದೆ (ಇದರ ಸಿಂಧುತ್ವ ಹೈಕೋರ್ಟುಗಳಲ್ಲಿ ಚರ್ಚೆಯಾಗಿದೆ). ಹೀಗಾಗಿ ಅರ್ಜಿ ಬರೆದುಕೊಡುವ ಅಧ್ಯಾಪಕರ ಬೆಲೆ ಇಲ್ಲಿ ಹೆಚ್ಚು. ದಾನಪತ್ರ ರದ್ದಾಗಬೇಕಾದರೆ 23ನೇ ಕಲಂ ಪ್ರಕಾರ ‘ನೋಡಿಕೊಳ್ಳುವ’ ಷರತ್ತಿನ ಮೇಲೆ ಆಸ್ತಿ ಕೊಟ್ಟಿರಬೇಕು. ಸುಪ್ರೀಂ ಕೋರ್ಟು 2022ರಲ್ಲಿ ಈ ಷರತ್ತನ್ನು ಬಿಗಿಯಾಗಿ ಓದಿತು, 2025ರ ಆರಂಭದ ತೀರ್ಪೊಂದರಲ್ಲಿ ಉದಾರವಾಗಿ ನೋಡಿತು. ಕೋರ್ಟಿನ ಔದಾರ್ಯ ನಂಬಿ ಕೂರುವುದಕ್ಕಿಂತ, ಪತ್ರ ಬರೆಸುವಾಗಲೇ ಊಟ, ವಸತಿ, ಔಷಧಿಯ ಷರತ್ತನ್ನು ಒಂದು ಸಾಲಿನಲ್ಲಿ ಸೇರಿಸಿ ಎಂದು ಊರೂರಿಗೆ ಹೇಳಿಬರುವುದು ಲೇಸು. ಆ ಒಂದು ಸಾಲಿಗೆ ಖರ್ಚಿಲ್ಲ. ಹೇಳಿಬಂದವರಿಗೆ ತೋರಿಸಲು ಫೋಟೊವೂ ಇರುವುದಿಲ್ಲ.

ಸನ್ಮಾನಪತ್ರ ಬರೆಯುವವರಿಗೊಂದು ಎಚ್ಚರಿಕೆ. ಪೂರ್ಣಾವಧಿ ಸಂಬಳದ ಅಧ್ಯಾಪಕರು ವಕೀಲಿ ಮಾಡುವಂತಿಲ್ಲ. ವಕೀಲರ ಪರಿಷತ್ತಿನ 49ನೇ ನಿಯಮದ ಅಡ್ಡಿಯಿದೆ. ದಿನಕ್ಕೆ 3 ಗಂಟೆ ಮೀರದಂತೆ ಪಾಠ ಹೇಳುವ ವಕೀಲರ ವಿಷಯ ಬೇರೆ, ಅದಕ್ಕೆ 1979ರ ನಿಯಮಗಳ ಅನುಮತಿ ಇದೆ. ಆದ್ದರಿಂದ ಪ್ರಾಧ್ಯಾಪಕರೊಬ್ಬರನ್ನು ‘ಬಡವರ ಪರ ನ್ಯಾಯಾಲಯದಲ್ಲಿ ಉಚಿತವಾಗಿ ವಾದಿಸಿದವರು’ ಎಂದು ಚೌಕಟ್ಟು ಹಾಕಿಸಿ ಕೊಟ್ಟರೆ, ಅದು ಮೆಚ್ಚುಗೆಗಿಂತ ದೂರಿನ ಹಾಗೆ ಓದಿಸಿಕೊಳ್ಳುತ್ತದೆ! ಅವರು ಮಾಡಿದ್ದು ಅಹವಾಲು ಕೇಳಿದ್ದು, ಕಾಗದ ಜೋಡಿಸಿದ್ದು, ಕಾನೂನು ಸೇವಾ ಪ್ರಾಧಿಕಾರದ ಪಟ್ಟಿಯಲ್ಲಿರುವ ಪ್ಯಾನಲ್ ವಕೀಲರಿಗೆ ಮುಟ್ಟಿಸಿದ್ದು. ಅದನ್ನೇ ಬರೆಯಿರಿ, ಸಾಕು. ವಕೀಲರಿಗೆ ಹೇಳಿದ ಗುಟ್ಟಿಗೆ ಸಾಕ್ಷ್ಯ ಕಾನೂನಿನಲ್ಲಿರುವ ರಕ್ಷಣೆ ವಕೀಲರಲ್ಲದ ಅಧ್ಯಾಪಕರಿಗೆ ಹೇಳಿದ ಮಾತಿಗೆ ಹಾಗೆಯೇ ಸಿಗುವುದಿಲ್ಲ. ಇದನ್ನರಿತು ಬೇಕಾದಷ್ಟನ್ನೇ ಬರೆದಿಟ್ಟುಕೊಳ್ಳುವವರು ಪಳಗಿದವರು.

ಬೋಧಕೇತರ ಸಿಬ್ಬಂದಿಯನ್ನು ಕೊನೆಯಲ್ಲಿ ‘ಸಹಕರಿಸಿದ ಎಲ್ಲರಿಗೂ’ ಎಂಬ ಸಾಲಿಗೆ ಸೇರಿಸಿಬಿಡುವುದು ನಮ್ಮ ಸಭೆಗಳ ಚಾಳಿ. ಮೇಷ್ಟ್ರು ತರಗತಿಯಲ್ಲಿದ್ದಾಗ ದೂರದ ಊರಿಂದ ಬಂದ ಹೆಂಗಸನ್ನು ಕೂರಿಸಿ ಮಾತಾಡಿಸುವವರು ಕಚೇರಿಯ ಅಟೆಂಡರ್. ಅರ್ಜಿಯನ್ನು ‘ನುಡಿ’ ತಂತ್ರಾಂಶದಲ್ಲಿ ಟೈಪಿಸಿ, ಮೂರು ಪ್ರತಿ ತೆಗೆದು, ಒಂದಕ್ಕೆ ಕಚೇರಿಯ ಸೀಲು ಮತ್ತು ದಿನಾಂಕ ಹಾಕಿಸಿಕೊಳ್ಳಿ ಎಂದು ನೆನಪಿಸುವವರು ಗುಮಾಸ್ತರು. ಹಳೆಯ ಅಧಿಸೂಚನೆ ಹುಡುಕಿ ಕೊಡುವವರು ಗ್ರಂಥಪಾಲಕರು. ಶಿಕಾರಿಪುರದ ತಾಂಡಾದಿಂದ ಬಂದವರಿಗೆ ಲಂಬಾಣಿಯಲ್ಲಿ, ತೀರ್ಥಹಳ್ಳಿ ಕಡೆಯ ಕೆಲವರಿಗೆ ಕೊಂಕಣಿಯಲ್ಲಿ ವಿವರಿಸಬಲ್ಲವರು ಅಧ್ಯಾಪಕರಲ್ಲಿ ಇಲ್ಲದಿದ್ದರೂ ಸಿಬ್ಬಂದಿಯಲ್ಲಿ ಇರಬಹುದು. ಹೀಗೆ ಮಾತು ದಾಟಿಸಿದ ಕೆಲಸವನ್ನು ಯಾರೂ ಎಲ್ಲೂ ಬರೆದಿಡುವುದಿಲ್ಲ. ಯುಜಿಸಿಯ 2018ರ ನಿಯಮಗಳಲ್ಲಿ ಅಧ್ಯಾಪಕರ ಬಡ್ತಿಯ ಮೌಲ್ಯಮಾಪನಕ್ಕೆ ಸಮುದಾಯ ಸೇವೆಯೂ ಒಂದು ಅಂಶವಾಗಿದೆ. ಗುಮಾಸ್ತರಿಗೆ, ಅಟೆಂಡರಿಗೆ ಅಂಥ ಕಾಲಂ ಇಲ್ಲ. ಆದ್ದರಿಂದ ಇಬ್ಬರು ಅಧ್ಯಾಪಕರಿಗೆ ಒಬ್ಬ ಸಿಬ್ಬಂದಿಯಂತೆ ಸ್ಥಾನ ಮೊದಲೇ ಕಾದಿರಿಸುವುದು ಒಳಿತು.

ಆಯ್ಕೆಗೆ ಆಧಾರ ಘಟಕದ ರಿಜಿಸ್ಟರ್. ಕ್ರಮಸಂಖ್ಯೆ, ದಿನಾಂಕ, ಊರು, ವಿಷಯ, ಕೇಳಿಸಿಕೊಂಡವರು, ಬರೆದುಕೊಟ್ಟ ಕಾಗದ, ಕಚೇರಿಯ ಸ್ವೀಕೃತಿ ಸಂಖ್ಯೆ, ಮುಂದಿನ ದಿನಾಂಕ, ಕೊನೆಗೆ ಏನಾಯಿತು ಎಂಬಿಷ್ಟು ಕಾಲಂ ಸಾಕು. ನೋಡುವಾಗ ಕಣ್ಣು ಕೊನೆಯ ಮೂರರ ಮೇಲಿರಲಿ. ‘ಸಲಹೆ ನೀಡಲಾಯಿತು’ ಎಂಬ ಎರಡೇ ಪದ ಪುಟದುದ್ದಕ್ಕೂ ಇದ್ದರೆ ಅಲ್ಲಿ ಕೆಲಸ ನಡೆದಿಲ್ಲ. ಎಲ್ಲ ನಮೂದೂ ಒಂದೇ ಪೆನ್ನಿನಲ್ಲಿ, ಒಂದೇ ಓಟದಲ್ಲಿದ್ದರೆ ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಪರಿಶೀಲನೆಯ ಹಿಂದಿನ ವಾರ ಬರೆದದ್ದಿರಬಹುದು. ವಿಸ್ತರಣಾ ಚಟುವಟಿಕೆಗೆ ಬಂದ ಪ್ರಶಸ್ತಿಗಳಿಗೂ ನ್ಯಾಕ್ ಲೆಕ್ಕದಲ್ಲಿ ಜಾಗವಿರುವುದರಿಂದ, ಪ್ರಮಾಣಪತ್ರಗಳು ಬೇಡಿಕೆಗೆ ತಕ್ಕಂತೆ ಹುಟ್ಟುವ ಅಪಾಯ ಇದ್ದೇ ಇದೆ. ಚೀಟಿ ಎತ್ತಿ ಹತ್ತು ನಮೂದು ಆರಿಸಿ, ಸ್ವೀಕೃತಿ ಸಂಖ್ಯೆ ನಿಜವೇ ಎಂದು ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲೋ ಸಂಬಂಧಪಟ್ಟ ಕಚೇರಿಯಲ್ಲೋ ತಾಳೆ ನೋಡಿದರೆ ಅರ್ಧ ದಿನದಲ್ಲಿ ಬಣ್ಣ ಬಯಲಾಗುತ್ತದೆ. ಶಿಬಿರಕ್ಕೆ ಎಷ್ಟು ಜನ ಬಂದರು ಎಂಬ ಲೆಕ್ಕ ಬೇಡ. ಬಿಸಿಯೂಟದ ಹೊತ್ತಿಗೆ ಶಾಲಾ ಮಕ್ಕಳನ್ನು ಕೂರಿಸಿದರೂ ಸಭಾಂಗಣ ತುಂಬುತ್ತದೆ. ಸೋತ ಅರ್ಜಿಯನ್ನೂ ಸೇವೆ ಎಂದು ಎಣಿಸಿ. ಸರಿಯಾಗಿ ಬರೆದು, ಗಡುವಿನೊಳಗೆ ಸಲ್ಲಿಸಿ, ಸೋತದ್ದು ಯಾಕೆಂದು ಜನರಿಗೆ ವಿವರಿಸಿದ್ದರೆ ಅದು ಗೆದ್ದದ್ದಕ್ಕಿಂತ ಕಷ್ಟದ ಕೆಲಸ. ಸಮಿತಿಯಲ್ಲಿ ಪ್ರಾಂಶುಪಾಲರು ಒಬ್ಬರೇ ಇರದೆ, ಜಿಲ್ಲಾ ಪ್ರಾಧಿಕಾರದ ಪ್ರತಿನಿಧಿ, ಬೇರೆ ತಾಲ್ಲೂಕಿನ ಪ್ಯಾನಲ್ ವಕೀಲರು, ಒಬ್ಬ ಅರೆ-ಕಾನೂನು ಸ್ವಯಂಸೇವಕರು (ಪ್ಯಾರಾ ಲೀಗಲ್ ವಾಲಂಟಿಯರ್) ಇರಲಿ.

ಕೊಡುವುದೇನು? ಹಣ್ಣಿನ ಬುಟ್ಟಿ, ಪೇಟದ ಖರ್ಚನ್ನು ಕೆಲಸಕ್ಕೆ ತಿರುಗಿಸಬಹುದು. ಮುಂದಿನ ಸೆಮಿಸ್ಟರಿನಲ್ಲಿ ವಾರಕ್ಕೆ ಎರಡು ಪಿರಿಯಡ್ ರಿಯಾಯಿತಿ, ಹಳ್ಳಿಗೆ ಹೋದ ದಿನಕ್ಕೆ ಓಓಡಿ (ಅಧಿಕೃತ ಕರ್ತವ್ಯದ ಹಾಜರಿ), ಬಸ್ ಚಾರ್ಜು, ಜೆರಾಕ್ಸ್ ಮತ್ತು ಅಂಚೆಯ ಖರ್ಚು, ಸಿಬ್ಬಂದಿಯ ಸೇವಾ ಪುಸ್ತಕದಲ್ಲೊಂದು ಲಿಖಿತ ಮೆಚ್ಚುಗೆ. ಪೇಟ ಬೇಡವೆನ್ನುವವರಲ್ಲ ನಾವು, ಆದರೆ ಪೇಟ ಕಟ್ಟಿಸಿಕೊಂಡವರು ಮರುದಿನ ಸ್ವಂತ ಜೇಬಿನಿಂದ ಸ್ಟಾಂಪು ಕೊಳ್ಳುವಂತಾಗಬಾರದು.

ಸಮಯದ ಮಾತೂ ಇದೆ. ನವೆಂಬರ್ ಎಂದರೆ ಇಲ್ಲಿ ಅಡಿಕೆ ಕೊಯ್ಲು. ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಇಟ್ಟರೆ ಮರ ಹತ್ತಿ ಗೊನೆ ಇಳಿಸುವ ಕೊನೆಗಾರರಿಂದ ಹಿಡಿದು ಅಡಿಕೆ ಸುಲಿಯುವ ಹೆಂಗಸರವರೆಗೆ ಯಾರೂ ಬರುವುದಿಲ್ಲ. ಸಮಾರಂಭ ಅಂದೇ ಆಗಬೇಕೆಂದಿದ್ದರೆ ಆಗಲಿ, ಜೊತೆಗಿನ ಅಹವಾಲು ಶಿಬಿರ ಮಾತ್ರ ಹೋಬಳಿ ಕೇಂದ್ರದಲ್ಲಿ ಸಂತೆಯ ದಿನ ನಡೆಯಲಿ. ಬೇಸಿಗೆಯವರೆಗೂ ಕಾಡಂಚಿನ ಊರುಗಳಲ್ಲಿ ಮಂಗನ ಕಾಯಿಲೆಯ ಭಯ ಇರುವುದರಿಂದ, ಸ್ಥಳ ನೋಡಲು ಹೋಗುವ ವಿದ್ಯಾರ್ಥಿಗಳು ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ, ಉಣ್ಣೆ (ಉಣುಗು) ಕಚ್ಚದಂತೆ ಹಚ್ಚಿಕೊಳ್ಳುವ ಎಣ್ಣೆ ಪಡೆದೇ ಹೋಗಬೇಕು.

ಕೊನೆಗೆ, ಪತ್ರಿಕೆಯವರಲ್ಲಿ ಒಂದು ಕೋರಿಕೆ. ಸನ್ಮಾನದ ಫೋಟೊದಲ್ಲಿ ನೆರವು ಪಡೆದವರನ್ನು ನಿಲ್ಲಿಸಬೇಡಿ. ಲೈಂಗಿಕ ಅಪರಾಧದ ಸಂತ್ರಸ್ತರ ಗುರುತು ಅಚ್ಚಾದರೆ ಅದೇ ಒಂದು ಅಪರಾಧ; ಮಕ್ಕಳ ವಿಷಯದಲ್ಲಿ ಪೋಕ್ಸೊ ಕಾಯ್ದೆಯ 23ನೇ ಕಲಂ ಇನ್ನೂ ಬಿಗಿ. ಕೌಟುಂಬಿಕ ದೌರ್ಜನ್ಯದ ಅರ್ಜಿ ಹಾಕಿದವಳಿಗೆ ನಾಳೆ ಅದೇ ಊರಿನಲ್ಲಿ ಬದುಕಬೇಕಿದೆ. ಆ ಜಾಗದಲ್ಲಿ ಕಾಲೇಜಿನ ಕಾನೂನು ನೆರವು ಘಟಕ ಯಾವ ವಾರ, ಎಷ್ಟು ಗಂಟೆಗೆ, ಯಾವ ಕೋಣೆಯಲ್ಲಿ ತೆರೆದಿರುತ್ತದೆ ಎಂದು ಹಾಕಿ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರು ಆದಾಯದ ಮಿತಿಯಿಲ್ಲದೆ ಉಚಿತ ನೆರವಿಗೆ ಅರ್ಹರೆಂದು, ಸಹಾಯವಾಣಿ 15100 ಎಂದು ಪಕ್ಕದಲ್ಲೇ ಅಚ್ಚು ಮಾಡಿ.

— ಕಾನೂನು ನೆರವಿನ ಕೆಲಸದಲ್ಲಿರುವ ಕೆಲವು ವಕೀಲರು ಮತ್ತು ಅಧ್ಯಾಪಕರು, ಶಿವಮೊಗ್ಗ