ಬ್ಯಾಸಗಿ ಬರೂದ್ರೊಳಗ ಕೂಲಂಟ್ ನೋಡ್ಕೋರಿ

ಎಲ್ಲಾರಿಗೂ ನಮಸ್ಕಾರ್ರಿ. ಎರಡು ಲಕ್ಷ ಕಿಲೋಮೀಟರ್ ದಾಟಿದ ಹಳೇ ಲಕ್ಸುರಿ ಎಸ್‌ಯುವಿ ಇದ್ದವರು ಇದನ್ನ ಪೂರ್ತಿ ಓದ್ರಿ. ವಿಜಯಪುರದ ಬಿಸಿಲು 40 ಡಿಗ್ರಿ ಮುಟ್ಟೂದ್ರೊಳಗ ಎಂಜಿನ್ ತಣ್ಣಗ ಇಡೂ ದ್ರವ, ಅಂದ್ರ ಕೂಲಂಟ್, ನೋಡೂ ಕೆಲಸ ಮುಗೀಬೇಕು.

ನಿನ್ನೆ ಬಾನೆಟ್ ಎತ್ತಿ ಟಾರ್ಚ್ ಹಿಡಿದು ನೋಡಿದೆ. ಕೂಲಂಟ್ ಡಬ್ಬಿಯ ಜೋಡಿನ ಮ್ಯಾಲ ಕೂದಲೆಳಿಯಷ್ಟು ಬಿರುಕು, ಸುತ್ತ ಒಣಗಿದ ಗುಲಾಬಿ ಕಲಿ. ನೆಲದ ಮ್ಯಾಲ ಒಂದು ಹನಿನೂ ಇರಲಿಲ್ಲ! ಬಿಸಿ ಆದಾಗ ಒತ್ತಡಕ್ಕ ಜಿನುಗಿ ಅಲ್ಲೇ ಆರಿಹೋಗತದ. ಪ್ಲಾಸ್ಟಿಕ್ ಹಳೇದಾದಂಗ ಪೆಡಸಾಗತದ, ಅಂಟು ಹಚ್ಚಿ ದಿನಾ ದೂಡಬ್ಯಾಡ್ರಿ. ಡಬ್ಬಿ, ಮುಚ್ಚಳ ಎರಡೂ ಬದಲಿಸ್ರಿ. ಪೈಪ್ ಹಿಚುಕಿದಾಗ ಉಬ್ಬಿ ಮೆತ್ತಗಾಗಿದ್ರ ಅದನ್ನೂ.

ಬೋರಿನ ನೀರು ಮಾತ್ರ ಹಾಕಲೇಬ್ಯಾಡ್ರಿ. ಹಂಡೆಯೊಳಗ ಬಿಳಿ ಉಪ್ಪು ಕಟ್ಟೂದು ನೋಡೀರಲ್ಲ, ರೇಡಿಯೇಟರ್ ಒಳಗೂ ಹಂಗ ಕಟ್ಟತದ. ಮ್ಯಾನುಯಲ್‌ನಾಗ ಹೇಳಿದ್ದೇ ಕೂಲಂಟ್ ತಂದು, ಡಿಸ್ಟಿಲ್ಡ್ ನೀರು ಅರ್ಧಕ್ಕರ್ಧ ಬೆರೆಸ್ರಿ. ಮೊದಲೇ ನೀರು ಬೆರೆಸಿದ ರೆಡಿಮಿಕ್ಸ್ ಇದ್ರ ಮತ್ತ ನೀರು ಬ್ಯಾಡ. ಬಣ್ಣ ಒಂದೇ ಅಂತ ಬ್ಯಾರೆ ನಮೂನಿದು ಕೂಡಿಸಬ್ಯಾಡ್ರಿ.

ಎಂಜಿನ್ ಪೂರ್ತಿ ತಣ್ಣಗಾಗೂತನ ಮುಚ್ಚಳ ಮುಟ್ಟಬ್ಯಾಡ್ರಿ. ತೆಗೆದ ಹಳೇ ಕೂಲಂಟ್ ಕ್ಯಾನಿನಾಗ ತುಂಬಿ ಇಡ್ರಿ. ಸಿಹಿ ಇರತದ, ನಾಯಿ ದನ ನೆಕ್ಕಿದ್ರ ಜೀವಕ್ಕ ಕುತ್ತು.

ಬರೇ ಜಾಕ್ ನಂಬಿ ಗಾಡಿ ಕೆಳಗ ಹೋಗಬ್ಯಾಡ್ರಿ. ಎತ್ತಿದ ಗಾಡಿಗೆ ಆಸರಾ ಕೊಡೂ ಸ್ಟ್ಯಾಂಡ್ ನನ್ನ ಹತ್ರ ಒಂದು ಜೋಡಿ ಅದಾವ, ಬೇಕಾದವರು ಬಂದು ಒಯ್ರಿ.